ದ್ವೀಪ ಬೇಡವೆಂದ ಹುಡುಗಿ

2022ರ ಮಳೆಗಾಲದಲ್ಲಿ ನಾನು ಕೋಲ್ಕತ್ತಾದ ಒಂದು ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಧಾರವಾಡದಲ್ಲಿ ಹುಟ್ಟಿ ಬೆಳೆದ ವಿಜಯಾ ಎಂಬ ನಾನು ಮದುವೆಯಾಗಿ ಈ ಊರಿಗೆ ಬಂದ ಮೇಲೆ ಬಂಗಾಳಿಗಳ ಬಾಯಲ್ಲಿ ಬಿಜೊಯಾದಿ, ಅಂದರೆ ವಿಜಯಕ್ಕ ಆಗಿ ಮೂರು ದಶಕ ಕಳೆದಿದ್ದವು. ಹೆಸರು ಬದಲಾದರೂ ಬಾಯಿ ಬದಲಾಗಲಿಲ್ಲ. ಯಾರಾದರೂ ನನಗೆ ಸುಮ್ಮನಿರು ಅಂದರೆ ಮಾತಾಡಲು ಅದೇ ಕಾರಣವಾಗುತ್ತಿತ್ತು. ಸಹೋದ್ಯೋಗಿಗಳು ಇದನ್ನು ಧಾರವಾಡದ ಖಾರ ಅನ್ನುತ್ತಿದ್ದರು. ನಮ್ಮೂರು ಪೇಢೆಗೆ ಹೆಸರುವಾಸಿ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ.

ಕೆಲಸದಲ್ಲಿದ್ದಷ್ಟು ಕಾಲ ನಾನು ಗೈಡ್ ಆಗಿ, ಅಂದರೆ ಸಂಶೋಧನಾ ಮಾರ್ಗದರ್ಶಕಿಯಾಗಿ, ಹತ್ತಾರು ಹುಡುಗ ಹುಡುಗಿಯರ ಪಿಎಚ್‌ಡಿ ಮುಗಿಸಿಕೊಟ್ಟಿದ್ದೇನೆ. ಅವರಲ್ಲಿ ಕೆಲವರು ಈಗ ನನಗಿಂತ ದೊಡ್ಡ ಕುರ್ಚಿಯಲ್ಲಿದ್ದಾರೆ. ಅವರ ಬಗ್ಗೆ ಬರೆಯಲು ನನಗೆ ಉತ್ಸಾಹವಿಲ್ಲ. ನಾನು ಹೇಳಹೊರಟಿರುವುದು ವಿಷಯವನ್ನೇ ಆರಿಸಲಾಗದೆ ಒದ್ದಾಡಿದ ಒಬ್ಬ ಹುಡುಗಿಯ ಸಂಗತಿ. ಪಿಎಚ್‌ಡಿ ಅಂದರೆ ಪ್ರಬಂಧ ಬರೆಯುವುದೇ ಕಷ್ಟ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಯಾವುದರ ಮೇಲೆ ಬರೆಯಬೇಕು ಎಂದು ತೀರ್ಮಾನಿಸುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು.

ಆದರೆ ನಮ್ಮ ವಿಭಾಗದಲ್ಲಿ ಆ ಕಷ್ಟಕ್ಕೆ ಒಂದು ಸಿದ್ಧ ಪರಿಹಾರವಿತ್ತು. ವಿಭಾಗದ ಮುಖ್ಯಸ್ಥರು, ನಾವೆಲ್ಲ ಅಣ್ಣ ಅನ್ನುವ ಅರ್ಥದಲ್ಲಿ ದಾ ಸೇರಿಸಿ ಕರೆಯುತ್ತಿದ್ದ ಅನಿಮೇಶ್‌ದಾ, ಇಡೀ ಆಯುಷ್ಯವನ್ನು ಸುಂದರಬನಕ್ಕೆ ತೆತ್ತವರು. ಗಂಗೆ ಸಮುದ್ರ ಸೇರುವಲ್ಲಿ ನೂರಾರು ಕವಲಾಗಿ ಒಡೆದು ಮಾಡಿದ ದ್ವೀಪಗಳ ನಾಡು ಅದು. ಉಪ್ಪುನೀರು ಎಲ್ಲಿಯವರೆಗೆ ಬಂತು, ದಂಡೆ ಎಷ್ಟು ಕುಸಿಯಿತು, ಚಂಡಮಾರುತ ಬಂದು ಹೋದ ಮೇಲೆ ಜನ ಏನು ಮಾಡಿದರು ಎಂದು ಅವರು ಅಳೆಯುತ್ತಲೇ ಇದ್ದರು. ದೊಡ್ಡ ಯೋಜನೆ, ಒಳ್ಳೆಯ ಕೆಲಸ. ಹೊಸದಾಗಿ ಸೇರಿದ ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಗೂ ಅವರು ಒಂದೊಂದು ದ್ವೀಪ ಹಂಚುತ್ತಿದ್ದರು. ಅವರ ಕೋಣೆಯ ಗೋಡೆಯ ಮೇಲಿನ ನಕಾಶೆಯಲ್ಲಿ ಆ ದ್ವೀಪದ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿತು ಅಂದರೆ ವಿಷಯ ಸಿಕ್ಕಂತೆ. ದೋಣಿ, ಉಪಕರಣ, ಶಿಷ್ಯವೇತನ ಎಲ್ಲವೂ ಆ ಯೋಜನೆಯಿಂದಲೇ ಬರುತ್ತಿದ್ದವು. ಕ್ಯಾಂಟೀನಿನಲ್ಲಿ ಹುಡುಗರು ಒಬ್ಬರನ್ನೊಬ್ಬರು ಹೆಸರು ಕೇಳುವ ಮೊದಲೇ ನಿನ್ನದು ಯಾವ ದ್ವೀಪ ಎಂದು ಕೇಳುತ್ತಿದ್ದರು. ಅದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ದ್ವೀಪ ಬೇಕಾದವರಿಗೆ ತಪ್ಪೇನೂ ಇರಲಿಲ್ಲ.

ಎಸ್ತರ್‌ಗೆ ದ್ವೀಪ ಬೇಕಿರಲಿಲ್ಲ. ಹುಬ್ಬಳ್ಳಿ ಮೂಲದ ಕ್ರೈಸ್ತ ಕುಟುಂಬ, ತಂದೆ ರೈಲ್ವೆಯಲ್ಲಿ, ಹೌರಾದ ಕ್ವಾರ್ಟರ್ಸ್‌ನಲ್ಲಿ ಮನೆ. ಹುಟ್ಟಿದ್ದೇ ಇಲ್ಲಿ. ಅವಳ ಕನ್ನಡ ಅಮ್ಮನಿಂದ ಕಲಿತ ಹುಬ್ಬಳ್ಳಿ ಕನ್ನಡ. ಅರ್ಥವಾಗುವುದು ಪೂರ್ತಿ, ಆಡುವುದು ಅರ್ಧ. ಉಳಿದರ್ಧಕ್ಕೆ ಇಂಗ್ಲಿಷೋ ಹಿಂದಿಯೋ ಬಂದು ಸೇರಿಕೊಳ್ಳುತ್ತಿತ್ತು. ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ಬಂದವಳು ನನ್ನ ಬಳಿ ಬಂದು, ‘ಮ್ಯಾಮ್, ನೀವು ನನ್ನ ಗೈಡ್ ಆಗ್ತೀರೇನ್ರಿ?’ ಎಂದು ಕೇಳಿದಾಗ ಆ ‘ಏನ್ರಿ’ ಕೇಳಿಯೇ ಒಪ್ಪಿಕೊಂಡುಬಿಟ್ಟೆ. ಸಂಶೋಧನೆಗೆ ಇದೆಂಥ ಅರ್ಹತೆ ಎಂದು ನಗಬೇಡಿ. ಕೋಲ್ಕತ್ತಾದಲ್ಲಿ ಮೂವತ್ತು ವರ್ಷ ಇದ್ದು ನೋಡಿ.

ನಿಯಮ ಹೀಗಿತ್ತು. ಮೊದಲು ಕೋರ್ಸ್‌ವರ್ಕ್, ಅಂದರೆ ತರಗತಿ ಮತ್ತು ಪರೀಕ್ಷೆ. ಅದಾದ ಮೇಲೆ ವಿದ್ಯಾರ್ಥಿ ತನ್ನ ವಿಷಯವನ್ನೂ ವಿಧಾನವನ್ನೂ ವಿವರಿಸುವ ಸಾರಲೇಖವನ್ನು ಸಂಶೋಧನಾ ಸಮಿತಿಯ ಮುಂದೆ ಮಂಡಿಸಬೇಕು. ನಾವು ಇದನ್ನು ಸಿನಾಪ್ಸಿಸ್ ಅನ್ನುತ್ತೇವೆ. ಸಮಿತಿ ಒಮ್ಮೆ ತಿರಸ್ಕರಿಸಿದರೆ ತಿದ್ದಿ ತರಬಹುದು. ಎರಡನೇ ಸಲವೂ ತಿರಸ್ಕರಿಸಿದರೆ ನೋಂದಣಿ ರದ್ದು, ಹುಡುಗಿ ಮನೆಗೆ.

ಎಸ್ತರ್ ಮೊದಲ ಸಲ ತಂದ ಶೀರ್ಷಿಕೆ ನಾಲ್ಕು ಸಾಲು ಉದ್ದವಿತ್ತು. ಅದರಲ್ಲಿ ಹವಾಮಾನ ಬದಲಾವಣೆ ಇತ್ತು, ಮೆಟ್ರೋ ರೈಲು ಇತ್ತು, ವಲಸೆ ಇತ್ತು, ಪಾರಂಪರಿಕ ಕಟ್ಟಡಗಳಿದ್ದವು, ಹೌರಾದ ಕಾರ್ಖಾನೆಗಳಿದ್ದವು. ಯಾರು ಏನು ಕೇಳಿದರೂ ಇರಲಿ ಎಂದು ಎಲ್ಲವನ್ನೂ ತುಂಬಿದ್ದಳು. ನಾನು ಮೊದಲೇ ನೋಡಿ ಅರ್ಧ ಕತ್ತರಿಸು ಎಂದಿದ್ದೆ. ಕತ್ತರಿಸಿದ್ದಕ್ಕಿಂತ ಹೆಚ್ಚು ಸೇರಿಸಿಕೊಂಡು ಬಂದಿದ್ದಳು. ಅನಿಮೇಶ್‌ದಾ ಪೂರ್ತಿ ಓದುವ ಮೊದಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಇಷ್ಟು ಕಷ್ಟ ಯಾಕೆ ಪಡುತ್ತೀಯ ಮಗು? ಒಂದು ದ್ವೀಪ ಖಾಲಿ ಇದೆ’ ಎಂದರು. ದನಿಯಲ್ಲಿ ಪ್ರೀತಿಯೇ ಇತ್ತು. ಅದೇ ನನಗೆ ಕಿರಿಕಿರಿಯಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸಾರಲೇಖ ತಿರಸ್ಕೃತವಾಯಿತು. ಮುಂದಿನ ಸಭೆ ದುರ್ಗಾಪೂಜೆಯ ರಜೆಗೆ ಮುಂಚೆ ಎಂದು ನಿಗದಿಯಾಯಿತು.

ಅಲ್ಲಿಂದ ಎಸ್ತರ್ ಓದಲು ಶುರುಮಾಡಿದಳು. ಓದಿದ್ದೇ ಅವಳಿಗೆ ಮುಳುವಾಯಿತು. ನಮ್ಮ ವಲಯದಲ್ಲಿ ರಿಸರ್ಚ್ ಗ್ಯಾಪ್ ಎಂಬ ಮಾತಿದೆ. ಹಿಂದಿನವರು ಯಾರೂ ಮುಟ್ಟದೆ ಬಿಟ್ಟ ಜಾಗ ಎಂದು ಅರ್ಥ. ಹೊಸಬರು ಅದನ್ನು ಕಳೆದುಹೋದ ಕಿವಿಯೋಲೆ ಹುಡುಕಿದಂತೆ ಹುಡುಕುತ್ತಾರೆ. ಎಸ್ತರ್ ದಿನಕ್ಕೊಂದು ವಿಷಯ ತರುತ್ತಿದ್ದಳು. ಸೋಮವಾರ ಟ್ರಾಮು, ಮಂಗಳವಾರ ಕೆರೆ, ಬುಧವಾರ ಅಲಿಪುರದ ಮರಗಳು. ಗುರುವಾರ ಬಂದು ಮೂರರ ಮೇಲೂ ಯಾರೋ ಬರೆದುಬಿಟ್ಟಿದ್ದಾರೆ ಎಂದು ಹೇಳುತ್ತಿದ್ದಳು. ಆಮೇಲೆ ಬರುವುದನ್ನೇ ನಿಲ್ಲಿಸಿದಳು. ಇಮೇಲ್‌ಗೆ ಉತ್ತರವಿಲ್ಲ. ಅನಾರೋಗ್ಯವಿರಬೇಕು, ಮನೆಯಲ್ಲಿರಬೇಕು ಎಂದುಕೊಂಡೆ.

ಒಂದು ದಿನ ಅವಳ ಅಮ್ಮ ಫೋನ್ ಮಾಡಿದರು. ಆಕೆಯನ್ನು ನಾನು ಹೌರಾದ ಒಂದು ಕನ್ನಡ ಕೂಟದಲ್ಲಿ ಒಮ್ಮೆ ನೋಡಿದ್ದೆ, ಅಷ್ಟೇ.

‘ಮೇಡಮ್ಮಾರ, ನಮ್ಮ ಎಸ್ತರ್ ದಿನಾ ಮುಂಜಾನೆ ಡಿಪಾರ್ಟ್‌ಮೆಂಟಿಗೆ ಹೊಂಟ್ರ ರಾತ್ರಿನ ಮನಿಗೆ ಬರತಾಳ್ರಿ. ಸರಿಯಾಗಿ ಊಟಾನೂ ಮಾಡವಲ್ಲಳು. ಅಷ್ಟೇನ್ ಕೆಲಸ ಹಚ್ಚೀರ್ರಿ ಅಕಿಗೆ?’

ನಾನು ಏನು ಹೇಳಲಿ? ವಿಭಾಗಕ್ಕೆ ಅವಳು ಕಾಲಿಟ್ಟು ಮೂರು ವಾರವಾಗಿತ್ತು. ನೋಡತೀನ್ರಿ, ಕಡಿಮಿ ಮಾಡತೀನಿ ಎಂದಷ್ಟೇ ಹೇಳಿ ಫೋನ್ ಇಟ್ಟು, ಆ ಕ್ಷಣವೇ ಎಸ್ತರ್‌ಗೆ ಮಾಡಿದೆ. ಅದೃಷ್ಟಕ್ಕೆ ಎತ್ತಿದಳು. ಅವಳು ಮಾತಾಡುವ ಮೊದಲೇ ಹಿಂದಿನಿಂದ ಧ್ವನಿವರ್ಧಕ ಮಾತಾಡಿತು. ಕ್ಯಾನಿಂಗ್ ಊರಿಗೆ ಹೋಗುವ ಲೋಕಲ್ ರೈಲು ಬರುತ್ತಿದೆ, ಬಿಳಿ ಗೆರೆಯಿಂದ ಹಿಂದೆ ಸರಿಯಿರಿ.

‘ಎಲ್ಲಿದ್ದೀ?’

‘ಬಾಲಿಗಂಜ್ ಸ್ಟೇಷನ್, ಮ್ಯಾಮ್.’

‘ಎಲ್ಲಿಗೆ ಹೊಂಟೀದಿ?’

‘ಎಲ್ಲಿಗೂ ಇಲ್ರಿ.’

ನನ್ನ ಫ್ಲ್ಯಾಟ್ ಇದ್ದದ್ದೂ ಸಿರಿವಂತರ ಬಡಾವಣೆಯಾದ ಬಾಲಿಗಂಜ್‌ನಲ್ಲೇ. ಆ ದಿನ ನನಗೆ ತರಗತಿ ಇರಲಿಲ್ಲ. ಅಲ್ಲೇ ಇರು, ಬಂದೆ ಎಂದು ಹೇಳಿ ಕೊಡೆ ಹಿಡಿದು ಹೊರಟೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಅಷ್ಟು ಚೆನ್ನಾಗಿ ಜೋಡಿಸಿದ ಬೈಗುಳ ಕೊನೆಗೂ ಉಪಯೋಗಕ್ಕೆ ಬರಲಿಲ್ಲ.

ಅವಳು ಪ್ಲಾಟ್‌ಫಾರ್ಮಿನ ಒಂದು ಬೆಂಚಿನಲ್ಲಿ ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲಿಟ್ಟು ಕೂತಿದ್ದಳು. ಮುಖ ಸೋತಿತ್ತು. ಪಕ್ಕದಲ್ಲಿ, ಕೆಳಗೆ ನೆಲದ ಮೇಲೆ, ಕಂಬಕ್ಕೊರಗಿ ಬೇಕಾದಷ್ಟು ಹೆಂಗಸರು ಕೂತಿದ್ದರು. ಕೆಲವರು ಡಬ್ಬಿ ಬಿಚ್ಚಿದ್ದರು, ಕೆಲವರು ಸೆರಗು ಮುಖಕ್ಕೆ ಹಾಕಿಕೊಂಡು ಮಲಗಿದ್ದರು. ಎಸ್ತರ್ ಎದ್ದು ನಿಂತಳು. ಅಮ್ಮನಿಗೆ ಹೇಳಬೇಡಿ ಎಂಬುದೇ ಅವಳ ಮೊದಲ ಮಾತು.

ವಿಷಯ ಸರಳವಾಗಿತ್ತು. ಸಂಜೆ ಬಾಲಿಗಂಜ್‌ನ ಎರಡು ಮನೆಗಳಲ್ಲಿ ಅವಳು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಬೆಳಿಗ್ಗೆ ಮನೆಯಲ್ಲಿದ್ದರೆ ಅಮ್ಮ ಪ್ರಶ್ನೆ ಕೇಳುತ್ತಾರೆ. ವಿಭಾಗಕ್ಕೆ ಹೋದರೆ ಎಲ್ಲರೂ ದ್ವೀಪದ ಸುದ್ದಿ ಕೇಳುತ್ತಾರೆ. ಆದ್ದರಿಂದ ಬೆಳಿಗ್ಗೆ ಯಾವುದೋ ಗ್ರಂಥಾಲಯ, ಮಧ್ಯಾಹ್ನ ಈ ಬೆಂಚು.

‘ಸ್ಟೇಷನ್ನೇ ಯಾಕವಾ? ಇಲ್ಲೇ ಪಾರ್ಕಿನ್ಯಾಗ ಕೂಡಬಾರದೇನು?’

‘ಪಾರ್ಕ್ ಮಧ್ಯಾಹ್ನ ಕೀಲಿ ಹಾಕ್ತಾರ್ರಿ ಮ್ಯಾಮ್. ನಾಲ್ಕಕ್ಕ ತೆಗೀತಾರ.’

‘ಕೆಫೆ?’

‘ಒಂದ್ ಕಾಫಿ ಕುಡದು ಎಷ್ಟೊತ್ತು ಕೂಡೋದ್ರಿ? ವೇಟರ್ ಬಂದು ಎನಿಥಿಂಗ್ ಎಲ್ಸ್ ಅಂತಾನ. ಟ್ಯೂಷನ್ ಮನೀ ಕೆಳಗ ಕುಂತ್ರ ವಾಚ್‌ಮನ್ ಏಳ್ರಿ ಅಂತಾನ. ಕಾರ್ ಡ್ರೈವರ್ ಕುಂದ್ರಬಹುದು, ಅವರಿಗೆ ಚೇರ್ ಐತಿ. ಈ ಅಕ್ಕಾರಿಗೂ ಕೂಡಾಕ ಬಿಡಂಗಿಲ್ಲ.’

‘ಯಾವ ಅಕ್ಕಾರು?’

ಅವಳು ಸುತ್ತಲೂ ಕೂತಿದ್ದ ಹೆಂಗಸರನ್ನು ತೋರಿಸಿದಳು. ಎಲ್ಲರೂ ಮನೆಗೆಲಸದವರು. ಬೆಳಗಿನ ಲೋಕಲ್ ಹಿಡಿದು ದಕ್ಷಿಣದ ಹಳ್ಳಿಗಳಿಂದ ಬರುತ್ತಾರೆ. ಬೆಳಗಿನ ಮನೆಗಳ ಪಾತ್ರೆ, ಬಟ್ಟೆ ಮುಗಿದ ಮೇಲೆ ಸಂಜೆಯ ಮನೆಗಳ ಕೆಲಸ ಶುರುವಾಗುವವರೆಗೆ ಹೋಗಲು ಜಾಗವಿಲ್ಲ. ಆಮೇಲೆ ಎಸ್ತರ್ ಹೇಳುತ್ತಲೇ ಹೋದಳು. ಯಾವ ಕಟ್ಟಡದ ಕಟ್ಟೆಯ ಮೇಲೆ ಕೂರದ ಹಾಗೆ ಕಬ್ಬಿಣದ ಮುಳ್ಳು ಹಾಕಿಸಿದ್ದಾರೆ, ಎಲ್ಲಿ ಮೊದಲು ಬೆಂಚಿತ್ತು, ಈಗ ಹೂಕುಂಡವಿದೆ, ಯಾವ ಮೆಟ್ಟಿಲಲ್ಲಿ ಕೂತರೆ ಯಾರು ಬಂದು ಏಳಿಸುತ್ತಾರೆ. ಕೊನೆಗೆ, ‘ಇವರ ಹತ್ರ ಮಂಥ್ಲಿ ಪಾಸ್ ಐತ್ರಿ, ಟ್ರೇನಿಂದು. ನನ್ನ ಹತ್ರ ಪ್ಲಾಟ್‌ಫಾರ್ಮ್ ಟಿಕೆಟ್ ಐತಿ. ಅದಕ್ಕ ಇಲ್ಲಿ ಯಾರೂ ಏಳಸಂಗಿಲ್ಲ. ಇಡೀ ಬಾಲಿಗಂಜ್‌ದಾಗ ಕೂಡಾಕ ಹಕ್ಕ್ ಇರೋದು ಇಲ್ಲಷ್ಟ’ ಎಂದಳು.

ಒಂದು ವರ್ಷದಲ್ಲಿ ಅವಳು ಹೀಗೆ ಉಸಿರು ಬಿಡದೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೋಣೆಯಲ್ಲಿ ನನ್ನೆದುರು ಕೂತಾಗ ಪ್ರತಿ ವಾಕ್ಯಕ್ಕೂ ಯಾರದೋ ಲೇಖನದ ಆಸರೆ ಹುಡುಕುತ್ತಿದ್ದ ಹುಡುಗಿ ಇವಳೇನಾ ಅನಿಸಿತು. ಖುಷಿ ತಡೆಯಲಾಗಲಿಲ್ಲ.

‘ಹುಚ್ಚಿ, ಇದೇ ನಿನ್ನ ಟಾಪಿಕ್.’

ಅವಳು ನನ್ನನ್ನು ಮಿಕಿಮಿಕಿ ನೋಡಿದಳು. ‘ಇದು ಟಾಪಿಕ್ ಅಲ್ರಿ ಮ್ಯಾಮ್. ಇದು ನಾ ಕೂಡೋ ಜಾಗ.’

ಇದೊಂದು ವಿಚಿತ್ರ ರೋಗ. ವಿಷಯ ಅಂದರೆ ಎಲ್ಲೋ ದೂರ, ಗ್ರಂಥಾಲಯದ ಕಪಾಟಿನಲ್ಲೋ ನದಿಯಾಚೆಯ ದ್ವೀಪದಲ್ಲೋ ಇರಬೇಕು, ಹೋಗಲು ದೋಣಿ ಬೇಕು, ಮೊಣಕಾಲುದ್ದದ ಕೆಸರು ಬೇಕು ಎಂದು ನಾವೇ ಮಕ್ಕಳ ತಲೆಗೆ ತುಂಬಿದ್ದೆವು. ತಾನು ದಿನವೂ ಕೂರುವ ಬೆಂಚಿನ ಸುತ್ತ ಕೇಳಬೇಕಾದ ಪ್ರಶ್ನೆ ಇರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ನಾಚಿಕೆಯಾಗುತ್ತಿತ್ತು. ಅವಳು ಅಲ್ಲಿ ಬಚ್ಚಿಟ್ಟುಕೊಂಡಿದ್ದವಳು.

ಅಂದು ಅವಳಿಗೆ ಎರಡು ಕಟ್ಟಪ್ಪಣೆ ಮಾಡಿದೆ. ಒಂದು, ಸಭೆಯವರೆಗೆ ಒಂದೇ ಒಂದು ಲೇಖನವನ್ನೂ ಓದಕೂಡದು. ಎರಡು, ಶೀರ್ಷಿಕೆ ಬರೆಯಕೂಡದು. ನಿನಗೆ ಸಿಟ್ಟು ಬರಿಸುವ ಒಂದು ಪ್ರಶ್ನೆ ತಾ ಎಂದೆ. ಗೈಡ್ ಆದವಳು ಓದಬೇಡ ಅನ್ನುವುದೇ ಎಂದು ಅವಳು ಗಾಬರಿಯಾದಳು. ನಿನ್ನ ತಲೆ ಈಗ ಸಂತೆಯಾಗಿದೆ, ಇನ್ನೊಂದು ಅಂಗಡಿ ಹಾಕಬೇಡ ಎಂದು ಗದರಿಸಿದೆ.

ವಾರದ ಮೇಲೆ ಬಂದಳು, ಸೀದಾ ವಿಭಾಗಕ್ಕೆ, ಎಲ್ಲರೆದುರಿಗೆ ನಡೆದು. ಒಂದು ವಾಕ್ಯ ಬರೆದುಕೊಂಡು ಬಂದಿದ್ದಳು. ಮಧ್ಯಾಹ್ನದ ಬಾಲಿಗಂಜ್‌ನಲ್ಲಿ ಕೂರಲು ಯಾರಿಗೆ ಜಾಗವಿದೆ, ಯಾರಿಗೆ ಇಲ್ಲ, ಅದನ್ನು ತೀರ್ಮಾನಿಸುವವರು ಯಾರು?

ಆ ಪ್ರಶ್ನೆಯ ಸುತ್ತ ನಾವಿಬ್ಬರೂ ಸಾರಲೇಖ ಕಟ್ಟಿದೆವು. ಮುಚ್ಚಿದ ಪಾರ್ಕು, ತೆಗೆದ ಬೆಂಚು, ಬೀಗದ ಗೇಟು ಇವುಗಳ ನಕಾಶೆ. ಕೂರುವವರ ಜೊತೆ ಮಾತು. ಏಳಿಸುವವರ ಜೊತೆಯೂ ಮಾತು. ಬರೆಯುವಾಗಲೂ ಅವಳು ದಿನಕ್ಕೊಮ್ಮೆ, ‘ಇದು ಭಾಳ ಸಣ್ಣದಾತೇನ್ರಿ?’ ಎಂದು ಕೇಳುತ್ತಿದ್ದಳು. ಇಲ್ಲ ಅಂದರೆ ಅವಳಿಗೆ ಸಮಾಧಾನವಿಲ್ಲ, ಹೌದು ಅಂದರೆ ಅಳು. ಕೇಳಬ್ಯಾಡ, ಬರಿ ಎಂದು ಮುಗಿಸುತ್ತಿದ್ದೆ.

ಪೂಜೆಯ ಪೆಂಡಾಲುಗಳಿಗೆ ಬಿದಿರು ಕಟ್ಟುತ್ತಿದ್ದ ದಿನಗಳಲ್ಲಿ ಸಭೆ ಸೇರಿತು. ಸಮಿತಿಯಲ್ಲಿ ಮತ ಇದ್ದದ್ದು ಮೂವರಿಗೆ. ಅಧ್ಯಕ್ಷರಾಗಿ ಅನಿಮೇಶ್‌ದಾ, ಸಂಖ್ಯಾಶಾಸ್ತ್ರ ಕಲಿಸುವ ನಮ್ಮ ಸಹೋದ್ಯೋಗಿ ತಪನ್, ಮತ್ತು ಬೇರೆ ವಿಶ್ವವಿದ್ಯಾಲಯದಿಂದ ಬಂದ ಹಿರಿಯ ಪ್ರಾಧ್ಯಾಪಕಿ, ಹೊರಗಿನ ತಜ್ಞೆಯಾಗಿ. ಗೈಡ್‌ಗೆ ಮಾತಾಡುವ ಹಕ್ಕಿದೆ, ಮತವಿಲ್ಲ. ಈ ನಿಯಮ ಮಾಡಿದವರು ನನ್ನಂಥವರನ್ನು ಮೊದಲೇ ಬಲ್ಲವರಿರಬೇಕು.

ಎಸ್ತರ್ ಮಂಡಿಸಿದಳು. ಮೊದಲೆರಡು ನಿಮಿಷ ಹಾಳೆ ನೋಡಿಕೊಂಡೇ ಓದಿದಳು. ಪಾರ್ಕಿನ ಬೀಗದ ಚಿತ್ರ ಪರದೆಯ ಮೇಲೆ ಬಂದಾಗ ಹಾಳೆ ಕೆಳಗಿಟ್ಟಳು. ಮುಗಿದ ಮೇಲೆ ಅನಿಮೇಶ್‌ದಾ ಸಾರಲೇಖವನ್ನು ಮುಚ್ಚಿ ಪಕ್ಕಕ್ಕಿಟ್ಟರು.

‘ಕೂರುವುದರ ಮೇಲೆ ಪಿಎಚ್‌ಡಿ’ ಎಂದರು. ‘ನಾಳೆ ನಿಲ್ಲುವುದರ ಮೇಲೆ ಇನ್ನೊಬ್ಬರು ಬರುತ್ತಾರೆ.’

ತಪನ್ ನಕ್ಕರು. ನನ್ನ ಮೈ ಉರಿಯಿತು, ಆದರೆ ಅನಿಮೇಶ್‌ದಾ ಸಣ್ಣ ಮನುಷ್ಯರಲ್ಲ. ಅಷ್ಟಕ್ಕೇ ಬಿಡದೆ ಒಂದು ದಾರಿ ತೋರಿಸಿದರು. ಈ ಹೆಂಗಸರು ಎಲ್ಲಿಂದ ಬರುತ್ತಾರೆ? ಬಹಳ ಮಂದಿ ಕ್ಯಾನಿಂಗ್ ಲೈನಿನಿಂದ. ಕ್ಯಾನಿಂಗ್‌ನ ಆಚೆ ಏನಿದೆ? ನಮ್ಮ ಸುಂದರಬನ. ಹಾಗಾದರೆ ವಿಷಯವನ್ನು ಸ್ವಲ್ಪ ತಿರುಗಿಸು. ದ್ವೀಪದ ಕಡೆಯಿಂದ ನಗರಕ್ಕೆ ದಿನವೂ ಬಂದು ಹೋಗುವ ಹೆಂಗಸರು ಎಂದು ಮಾಡು. ನಮ್ಮ ಯೋಜನೆಗೆ ಸೇರಿಕೊಳ್ಳುತ್ತದೆ, ಶಿಷ್ಯವೇತನ ಸಿಗುತ್ತದೆ, ಈಗಲೇ ಸಹಿ ಹಾಕುತ್ತೇನೆ.

ಜಾಣತನದ ಮಾತು. ಹುಡುಗಿಯ ಸೀಟು ಉಳಿಯುತ್ತದೆ, ಪ್ಲಾಟ್‌ಫಾರ್ಮಿನ ಹೆಂಗಸರೂ ಪ್ರಬಂಧದಲ್ಲಿ ಉಳಿಯುತ್ತಾರೆ. ನಾನು ಜಗಳಗಂಟಿ ನಿಜ, ಆದರೆ ಗೆಲ್ಲಲಾರದ ಜಗಳಕ್ಕೆ ಬೇರೆಯವರ ಮಗಳನ್ನು ಒಡ್ಡುವಷ್ಟು ಮೂರ್ಖಳಲ್ಲ. ಎಸ್ತರ್ ನನ್ನ ಕಡೆ ನೋಡಿದಾಗ ಒಪ್ಪಿಕೋ ಎಂದು ತಲೆಯಾಡಿಸಿದೆ. ಅವಳು ಮುಖ ಆಚೆ ತಿರುಗಿಸಿದಳು.

‘ಕ್ಷಮಿಸಿ ಸರ್. ಅವರು ಎಲ್ಲಿಂದ ಬರುತ್ತಾರೆ ಎಂಬುದು ನನ್ನ ಪ್ರಶ್ನೆಯಲ್ಲ. ಅವರನ್ನು ಇಲ್ಲಿ ಕೂರಬೇಡಿ ಅನ್ನುವವರು ಯಾರು ಎಂಬುದು ನನ್ನ ಪ್ರಶ್ನೆ. ಆ ಜನ ದ್ವೀಪದಲ್ಲಿಲ್ಲ. ಬಾಲಿಗಂಜ್‌ನಲ್ಲಿದ್ದಾರೆ.’

ಅನಿಮೇಶ್‌ದಾ ಅವರ ಮುಖ ಬಿಗಿಯಿತು.

‘ಒಂದು ವರ್ಷ ನಿನಗೆ ಯಾವ ವಿಷಯವೂ ಹೊಳೆಯಲಿಲ್ಲ. ಈಗ ಇಷ್ಟು ಖಚಿತವೇ?’

‘ಖಚಿತ ಇಲ್ಲ ಸರ್. ಇದು ಚೆನ್ನಾಗಿ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ದ್ವೀಪ ಬೇಡ ಎಂಬುದು ಖಚಿತ.’

ನನಗಾದದ್ದು ಭಯವೋ ಹೆಮ್ಮೆಯೋ ಈಗಲೂ ಹೇಳಲಾರೆ. ಎರಡೂ ಇದ್ದವು. ಅನಿಮೇಶ್‌ದಾ ನಡಾವಳಿ ಬರೆಯುತ್ತಿದ್ದ ಗುಮಾಸ್ತನ ಕಡೆ ತಿರುಗಿ, ತಿರಸ್ಕರಿಸಲಾಗಿದೆ ಎಂದು ಬರೆದುಕೊಳ್ಳಿ ಎಂದರು. ಇನ್ನು ಒಪ್ಪಿಕೋ ಎಂದು ತಲೆಯಾಡಿಸಿ ಪ್ರಯೋಜನವಿರಲಿಲ್ಲ. ಹುಡುಗಿ ಅಷ್ಟು ದೂರ ಹೋಗಿ ನಿಂತ ಮೇಲೆ ನಾನು ಹಿಂದೆ ಉಳಿಯುವುದು ಸಾಧ್ಯವೇ?

‘ಕಾರಣವನ್ನೂ ಬರೆಸಿ’ ಎಂದೆ.

ಇಲ್ಲಿ ನಮ್ಮ ವೃತ್ತಿಯ ಒಂದು ಸಣ್ಣ ಗುಟ್ಟು ಹೇಳಬೇಕು. ಸಭೆಯ ನಡಾವಳಿಯಲ್ಲಿ ತಿರಸ್ಕಾರಕ್ಕೆ ಕಾರಣ ನಮೂದಿಸಬೇಕು ಎಂಬ ನಿಯಮವಿದೆ. ಯಾರೂ ಪಾಲಿಸುವುದಿಲ್ಲ, ಯಾಕೆಂದರೆ ಯಾರೂ ಕೇಳುವುದಿಲ್ಲ. ತೃಪ್ತಿಕರವಾಗಿಲ್ಲ ಎಂಬ ಒಂದು ಪದ ಎಲ್ಲವನ್ನೂ ನುಂಗಿಕೊಳ್ಳುತ್ತದೆ. ತೃಪ್ತಿಕರವಾಗಿಲ್ಲ ಎಂಬುದು ಕಾರಣವಲ್ಲ, ಯಾಕೆ ಎಂಬುದು ಬೇಕು, ಇಲ್ಲದಿದ್ದರೆ ನಾನು ಈ ಕುರ್ಚಿಯಿಂದ ಏಳುವುದಿಲ್ಲ ಎಂದೆ. ದನಿ ಸ್ವಲ್ಪ ಏರಿತ್ತು. ಸ್ವಲ್ಪವೇನು, ಕಾರಿಡಾರಿಗೆ ಕೇಳಿಸಿತ್ತಂತೆ.

‘ಸರಿ, ಬರೆಯಿರಿ. ಈ ವಿಷಯ ಭೂಗೋಳಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ’ ಎಂದರು ಅನಿಮೇಶ್‌ದಾ.

ಅಷ್ಟು ಹೊತ್ತು ಬಾಯಿ ಬಿಡದೆ ಚಹಾ ಕುಡಿಯುತ್ತಿದ್ದ ಹೊರಗಿನ ತಜ್ಞೆ ಕಪ್ಪು ಕೆಳಗಿಟ್ಟರು. ‘ಯಾರು ಎಲ್ಲಿ ಇರಬಹುದು, ಎಲ್ಲಿ ಇರಬಾರದು ಎಂಬುದು ಭೂಗೋಳ ಅಲ್ಲದಿದ್ದರೆ ಇಷ್ಟು ವರ್ಷ ನಾನು ಏನು ಪಾಠ ಮಾಡಿದೆ ಅಂತ ನೀವೇ ಹೇಳಿ’ ಎಂದು ಬಹಳ ಸಭ್ಯವಾಗಿ ಕೇಳಿದರು. ಆ ಕಾರಣದ ಕೆಳಗೆ ನನ್ನ ಸಹಿ ಇರುವುದಿಲ್ಲ ಎಂದೂ ಹೇಳಿದರು.

ಈಗ ಎಲ್ಲವೂ ತಪನ್ ಮೇಲೆ ನಿಂತಿತು. ಅವರು ಅನಿಮೇಶ್‌ದಾ ಅವರ ಯೋಜನೆಯಲ್ಲಿ ಪಾಲುದಾರರು, ಮಾತು ಕಡಿಮೆ, ತಂಟೆಗೆ ಹೋಗುವವರಲ್ಲ. ಅವರು ಎಸ್ತರ್‌ಳನ್ನು ಒಂದೇ ಪ್ರಶ್ನೆ ಕೇಳಿದರು. ‘ಇಷ್ಟು ಜನರಲ್ಲಿ ಯಾರನ್ನು ಮಾತಾಡಿಸಬೇಕು ಎಂದು ಹೇಗೆ ಆರಿಸುತ್ತೀಯ?’ ನಾವು ಇದನ್ನು ಸ್ಯಾಂಪ್ಲಿಂಗ್ ಅನ್ನುತ್ತೇವೆ. ಇಡೀ ಅನ್ನ ಬೆಂದಿದೆಯೇ ಎಂದು ತಿಳಿಯಲು ಯಾವ ಅಗುಳು ಹಿಸುಕಬೇಕು ಎಂಬ ಲೆಕ್ಕ. ನಮ್ಮ ಸಾರಲೇಖದ ದುರ್ಬಲ ಜಾಗವೇ ಅದು.

‘ಇನ್ನೂ ಗೊತ್ತಿಲ್ಲ ಸರ್. ನಿಮ್ಮ ಬಳಿ ಬಂದು ಕಲಿಯಬೇಕು ಅಂದುಕೊಂಡಿದ್ದೇನೆ.’

ತಪನ್ ಪೆನ್ನು ತೆಗೆದು ಒಪ್ಪಿಗೆಯ ಜಾಗದಲ್ಲಿ ಸಹಿ ಹಾಕಿದರು. ಅನಿಮೇಶ್‌ದಾ ಕಡೆ ನೋಡಲಿಲ್ಲ.

ಇಬ್ಬರ ಒಪ್ಪಿಗೆ, ಒಬ್ಬರ ವಿರೋಧ. ವಿಷಯ ಅಂಗೀಕಾರವಾಯಿತು. ಅನಿಮೇಶ್‌ದಾ ತಮ್ಮ ಭಿನ್ನಮತವನ್ನು ಬೇರೆಯಾಗಿ, ತಮ್ಮದೇ ಕೈಬರಹದಲ್ಲಿ, ನಾಲ್ಕು ಸಾಲಿನಲ್ಲಿ ಬರೆದರು. ಈ ಕೆಲಸ ಆಸಕ್ತಿದಾಯಕ, ಆದರೆ ವಿದ್ಯಾರ್ಥಿನಿಯ ಮುಂದಿನ ಉದ್ಯೋಗಕ್ಕೆ ಅಪಾಯಕಾರಿ ಎಂದಿತ್ತು. ಅದನ್ನು ಓದಿ ನನಗೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಕಾರಣ ಬರೆಯಿರಿ ಅಂದದ್ದಕ್ಕೆ ಅವರು ಕೊನೆಗೆ ನಿಜವಾದ ಕಾರಣವನ್ನೇ ಬರೆದಿದ್ದರು. ಅವರ ಭಯವೂ ಸುಳ್ಳಲ್ಲ. ಆದರೆ ಆ ಅಪಾಯ ತೆಗೆದುಕೊಳ್ಳಬೇಕಾದವಳು ಅವಳು, ಅವರಲ್ಲ, ನಾನೂ ಅಲ್ಲ.

ಕಾರಿಡಾರಿನಲ್ಲಿ ಎಸ್ತರ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅಭಿನಂದನೆ ಹೇಳುವ ಬದಲು ನಾನು ಮೊದಲು ತರಾಟೆಗೆ ತೆಗೆದುಕೊಂಡೆ.

‘ನಾ ಒಪ್ಪಿಕೊ ಅಂತ ತಲಿ ಆಡಿಸಿದ್ದು ಕಾಣಲಿಲ್ಲೇನು ನಿನಗ?’

‘ಕಂಡಿತ್ರಿ ಮ್ಯಾಮ್.’

‘ಮತ್ತ?’

‘ಕಂಡಿದ್ದಕ್ಕನ ಆ ಕಡೆ ಹೊಳ್ಳಿದೆ. ಇನ್ನೂ ಒಂದ್ ಸಲ ನಿಮ್ಮ ಮುಖ ನೋಡಿದ್ರ ಹೂಂ ಅಂದಬಿಡ್ತಿದ್ದೆ.’

ನನ್ನ ಸೇವೆಯಲ್ಲಿ ಸಿಕ್ಕ ಪ್ರಶಸ್ತಿ ಪತ್ರಗಳು ಯಾವ ಕಪಾಟಿನಲ್ಲಿವೆಯೋ ನೆನಪಿಲ್ಲ. ಈ ಮಾತು ಮಾತ್ರ ಚೆನ್ನಾಗಿ ನೆನಪಿದೆ. ನನ್ನ ಮಾತು ಮೀರಿ ನನ್ನ ವಿದ್ಯಾರ್ಥಿನಿ ಗೆದ್ದ ದಿನವೇ ನಾನು ಒಳ್ಳೆಯ ಗೈಡ್ ಎಂದು ನನಗೆ ನಂಬಿಕೆ ಬಂತು. ಅವಳಿಗೆ ಇದನ್ನು ಹೇಳಲಿಲ್ಲ. ಹೋಗಿ ಏನಾದರೂ ತಿನ್ನು, ಅಮ್ಮನಿಗೆ ಫೋನ್ ಮಾಡು ಎಂದು ಕಳಿಸಿದೆ.

ಪೂಜೆ ಮುಗಿದ ಮೇಲೆ ಕ್ಷೇತ್ರಕಾರ್ಯ ಶುರುವಾಯಿತು. ಮೊದಲ ಕಟ್ಟಡ ಯಾವುದು ಎಂದು ಕೇಳಿದೆ. ನಿಮ್ಮದೇ ಎಂದಳು. ನಮ್ಮ ಗೇಟಿಗೂ ಮಧ್ಯಾಹ್ನ ಬೀಗ ಬೀಳುತ್ತಿತ್ತು, ಕೀಲಿಯೊಂದು ನನ್ನ ಪರ್ಸಿನಲ್ಲೂ ಇತ್ತು. ಅವಳು ನನ್ನ ಸೋಫಾದ ಮೇಲೆ ಕೂತು, ನಾನು ಕೊಟ್ಟ ಚಹಾ ಕುಡಿದು, ರೆಕಾರ್ಡರ್ ಆನ್ ಮಾಡಿ, ನಾನೇ ಅವಳಿಗೆ ಕಲಿಸಿದ ಸಮಾಧಾನದ ದನಿಯಲ್ಲಿ ಪ್ರಶ್ನೆ ಕೇಳಿದಳು. ಬೀಗ ಹಾಕುವ ತೀರ್ಮಾನವಾದ ನಿವಾಸಿಗಳ ಸಭೆಯಲ್ಲಿ ನೀವಿದ್ದಿರಾ? ಇದ್ದೆ. ವಿರೋಧಿಸಿದಿರಾ? ಇಲ್ಲ. ಯಾಕೆ? ನಾನು ರೇಗಿದೆ, ಸುತ್ತಿ ಬಳಸಿದೆ, ಸುರಕ್ಷತೆ ಅಂದೆ. ಅವಳು ತಾಳ್ಮೆಯಿಂದ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಹಾಳಾದವಳು, ಎಷ್ಟು ಚೆನ್ನಾಗಿ ಕಲಿತಿದ್ದಳು.

ಯೋಜನೆಯ ಶಿಷ್ಯವೇತನ ಅವಳಿಗೆ ಸಿಗಲಿಲ್ಲ. ಟ್ಯೂಷನ್ ಹೇಳುತ್ತಲೇ ಕೆಲಸ ಮುಂದುವರಿಸಿದಳು. ನಡುನಡುವೆ ದಾರಿ ತಪ್ಪಿದ ಹಾಗಾಗಿ ವಿಷಯ ಬದಲಿಸಲೇ ಎಂದು ಎರಡು ಸಲ ಬಂದು ಕೇಳಿದ್ದೂ ಉಂಟು. ಪ್ರಬಂಧ ಇನ್ನೂ ಮುಗಿದಿಲ್ಲ. ಅದು ಮುಗಿದು ದೊಡ್ಡ ಹೆಸರು ಬಂತು ಎಂದು ಬರೆದರೆ ನಿಮಗೆ ಹಿತವಾಗುತ್ತಿತ್ತು, ಆದರೆ ಆಗದೇ ಇದ್ದದ್ದನ್ನು ಬರೆಯಲಾರೆ. ಕೊನೆಯ ಅಧ್ಯಾಯ ಬಾಕಿ ಇದೆ. ಒಂದು ಲೇಖನ ಪ್ರಕಟವಾಗಿದೆ. ಅದರಲ್ಲಿ ಹೆಸರಿಲ್ಲದ ನಿವಾಸಿಯೊಬ್ಬಳ ನುಣುಚಿಕೊಳ್ಳುವ ಉತ್ತರಗಳಿವೆ. ಅವಳು ಯಾರೆಂದು ನನಗೂ ಎಸ್ತರ್‌ಗೂ ಮಾತ್ರ ಗೊತ್ತಿತ್ತು, ಈಗ ನಿಮಗೂ ಗೊತ್ತಾಯಿತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ವಿಷಯ ಗೊತ್ತಾದ ಮೇಲೆ ಧೈರ್ಯ ಬರುತ್ತದೆ ಎಂದು ಎಲ್ಲರೂ ಕಾಯುತ್ತಾರೆ. ನಾನು ನೋಡಿದ ಮಟ್ಟಿಗೆ ಅದು ಉಲ್ಟಾ. ಎಸ್ತರ್‌ಗೆ ಕೊನೆಯ ಗಳಿಗೆಯವರೆಗೂ ತನ್ನ ವಿಷಯದ ಮೇಲೆ ಭರವಸೆ ಇರಲಿಲ್ಲ. ಬೇರೆಯವರ ವಿಷಯವನ್ನು ಮುಖದ ಮೇಲೆ ಬೇಡ ಅಂದ ಮೇಲೆಯೇ ತನ್ನದು ತನ್ನದಾಯಿತು. ನಿವೃತ್ತಳಾದ ಮೇಲೂ ಗೊಂದಲಕ್ಕೆ ಬಿದ್ದ ಹುಡುಗ ಹುಡುಗಿಯರು ನನಗೆ ಫೋನ್ ಮಾಡುತ್ತಾರೆ, ಕನ್ನಡದಲ್ಲಿ, ಬಂಗಾಳಿಯಲ್ಲಿ, ಇಂಗ್ಲಿಷಿನಲ್ಲಿ.

ಯಾವ ವಿಷಯ ಬೇಕು ಅಂತಲೇ ಗೊತ್ತಾಗುತ್ತಿಲ್ಲ ಮೇಡಂ ಅನ್ನುತ್ತಾರೆ. ಗೊತ್ತಾಗದಿದ್ದರೆ ಇರಲಿ, ಯಾವುದಕ್ಕೆ ನೀನು ಸತ್ತರೂ ಹೂಂ ಅನ್ನುವುದಿಲ್ಲ, ಅದನ್ನು ಹೇಳು ಅನ್ನುತ್ತೇನೆ. ಹೇಳುವವರೆಗೆ ನಾನು ಫೋನ್ ಇಡುವುದಿಲ್ಲ, ಕಾಯುತ್ತೇನೆ.